ಪ್ರತಿ ಬಟನ್ ಹಿಂದೆ ಒಂದು ಪಲ್ಟಿ ಇದೆ

ಮಳೆಗಾಲ ಶುರುವಾದರೆ ಸಾಕು, ನಮ್ಮ ನ್ಯೂಸ್ ಡೆಸ್ಕಿಗೆ ಒಂದೇ ಥರದ ವಿಡಿಯೋಗಳು ಬರೋಕೆ ಶುರುವಾಗುತ್ತವೆ. ಹೊಚ್ಚ ಹೊಸ ಫೋರ್ ವೀಲ್ ಡ್ರೈವ್ ಗಾಡಿ. ಹದಿನೈದೋ ಇಪ್ಪತ್ತೋ ಲಕ್ಷದ್ದು. ಬೀಚಿನ ಮರಳಲ್ಲಿ ಹೊಟ್ಟೆಯವರೆಗೆ ಹೂತುಕೊಂಡಿದೆ. ಇಲ್ಲಾ, ಮಲೆನಾಡಿನ ಕೆಸರು ದಾರಿಯಲ್ಲಿ ಅಡ್ಡಡ್ಡ ಜಾರಿ ಚರಂಡಿಗೆ ಮೂತಿ ಇಟ್ಟಿದೆ. ಕೊನೆಗೆ ಕಾಪಾಡೋಕೆ ಬರೋದು ಯಾರು? ಪಕ್ಕದ ಊರಿನ ಟ್ರಾಕ್ಟರ್. ಹಗ್ಗ ಕಟ್ಟಿ ಎಳೆಯುತ್ತಾರೆ, ಸುತ್ತ ನಿಂತವರು ಶಿಳ್ಳೆ ಹೊಡೆಯುತ್ತಾರೆ, ನಾವು ಅದನ್ನು ಮೂವತ್ತು ಸೆಕೆಂಡ್ ತೋರಿಸಿ ಮುಂದಿನ ಸುದ್ದಿಗೆ ಹೋಗುತ್ತೇವೆ.

ನನಗೆ ಕಾಡೋ ಪ್ರಶ್ನೆ ಬೇರೆ. ಆ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಎಷ್ಟು ಬಟನ್ ಇದ್ದವು? 4ಎಲ್ ಇತ್ತು. ಡಿಫರೆನ್ಷಿಯಲ್ ಲಾಕ್ ಇತ್ತು. ಇಎಸ್‌ಪಿ ಆಫ್ ಅನ್ನೋ ಬಟನ್ ಇತ್ತು. ಇಳಿಜಾರಿನ ಚಿತ್ರ ಇರುವ ಹಿಲ್ ಡಿಸೆಂಟ್ ಕಂಟ್ರೋಲ್ ಬಟನ್ ಇತ್ತು. ಅಷ್ಟೆಲ್ಲ ಇದ್ದೂ ಗಾಡಿ ಹೂತಿತು ಅಂದ್ರೆ, ಓಡಿಸಿದವನಿಗೆ ಆ ಬಟನ್ ಯಾಕಿದೆ ಅಂತಲೇ ಗೊತ್ತಿರಲಿಲ್ಲ. ಶೋರೂಮಿನಲ್ಲಿ ಕೀ ಕೊಡುವಾಗ ಹಾರ ಹಾಕಿ, ಕೇಕ್ ಕತ್ತರಿಸಿ ಫೋಟೋ ತೆಗೆಸಿದರು. ಈ ಬಟನ್ ಯಾವಾಗ ಒತ್ತಬೇಕು, ಯಾವಾಗ ಒತ್ತಬಾರದು ಅಂತ ಹತ್ತು ನಿಮಿಷ ಕೂರಿಸಿ ಹೇಳಿದವರು ಎಷ್ಟು ಮಂದಿ?

ಹಾಗಾಗಿ ಇವತ್ತು ರಾಜಕೀಯ ಬೇಡ. ಆ ಬಟನ್‌ಗಳ ಚರಿತ್ರೆ ಹೇಳ್ತೀನಿ. ಯಾಕಂದ್ರೆ ಆ ಒಂದೊಂದು ಬಟನ್ನಿನ ಹಿಂದೆಯೂ ಒಂದು ಪಲ್ಟಿ ಇದೆ, ಒಂದು ಹೂತ ಚಕ್ರ ಇದೆ, ಎಲ್ಲೋ ಯಾರೋ ಕಳೆದುಕೊಂಡ ಜೀವ ಇದೆ. ಆ ಕಥೆ ಗೊತ್ತಿದ್ದವನಿಗೆ ಮ್ಯಾನ್ಯುಯಲ್ ಓದುವ ಅಗತ್ಯ ಅರ್ಧ ಕಡಿಮೆ.

ಮೊದಲು ಡಿಫರೆನ್ಷಿಯಲ್‌ನಿಂದ ಶುರು ಮಾಡೋಣ. ಹೆಸರು ಕೇಳಿ ಹೆದರಬೇಡಿ. ಉತ್ತರ ಕರ್ನಾಟಕದ ಹಳೇ ತಲೆಗಳಿಗೆ ಇದು ಗೊತ್ತಿರೋ ವಿಷಯವೇ. ಕಣದಲ್ಲಿ ಹಂತಿ ಹೂಡುತ್ತಿದ್ದರಲ್ಲ, ನೆನಪಿಸಿಕೊಳ್ಳಿ. ನಡುವೆ ಮೇಟಿ ಕಂಬ, ಅದಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದ ಹಾಗೆ ತಿರುಗುತ್ತೆ. ಹೊರಗಿನ ಎತ್ತು ಬಿರಬಿರನೆ ಹೆಜ್ಜೆ ಹಾಕಬೇಕು. ಗಾಡಿ ತಿರುವು ತೆಗೆದುಕೊಳ್ಳುವಾಗಲೂ ಅಷ್ಟೇ. ಒಳಗಿನ ಚಕ್ರಕ್ಕೆ ದಾರಿ ಕಡಿಮೆ, ಹೊರಗಿನ ಚಕ್ರಕ್ಕೆ ಜಾಸ್ತಿ. ಎರಡನ್ನೂ ಒಂದೇ ಕಬ್ಬಿಣದ ಸಲಾಕೆಗೆ ಬಿಗಿದರೆ ಒಂದು ಚಕ್ರ ಉಜ್ಜಿಕೊಂಡೇ ಬರಬೇಕು. ಇದಕ್ಕೆ ಪರಿಹಾರವಾಗಿ 1820ರ ದಶಕದ ಕೊನೆಯಲ್ಲಿ ಫ್ರಾನ್ಸ್‌ನ ಒನೆಸಿಫೋರ್ ಪೆಕ್ಯೂರ್ ಎಂಬಾತ ಹಬೆಯ ಬಂಡಿಗಾಗಿ ಹಲ್ಲುಚಕ್ರಗಳ ಒಂದು ವ್ಯವಸ್ಥೆಗೆ ಪೇಟೆಂಟ್ ಪಡೆದ. ಎರಡು ಚಕ್ರಕ್ಕೂ ಶಕ್ತಿ ಹೋಗಬೇಕು, ಆದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಸ್ವಾತಂತ್ರ್ಯ ಇರಬೇಕು. ಅದೇ ಡಿಫರೆನ್ಷಿಯಲ್. ಇವತ್ತಿಗೂ ನಿಮ್ಮ ಕಾರಿನಲ್ಲಿ, ಲಾರಿಯಲ್ಲಿ ಇರೋದು ಅದೇ ಸೂತ್ರ.

ಆದರೆ ಆ ಸ್ವಾತಂತ್ರ್ಯದಲ್ಲೇ ಒಂದು ಐಬಿದೆ. ಒಂದು ಚಕ್ರ ಕೆಸರಿನಲ್ಲಿದೆ, ಇನ್ನೊಂದು ಗಟ್ಟಿ ನೆಲದ ಮೇಲಿದೆ ಅಂದುಕೊಳ್ಳಿ. ಆಕ್ಸಿಲರೇಟರ್ ಒತ್ತಿದರೆ ಏನಾಗುತ್ತೆ? ಕೆಸರಿನ ಚಕ್ರಕ್ಕೆ ಹಿಡಿತ ಇಲ್ಲ, ಅದು ಗಿರಗಿರ ತಿರುಗುತ್ತೆ. ಗಟ್ಟಿ ನೆಲದ ಚಕ್ರ ಅಲ್ಲಾಡೋದೇ ಇಲ್ಲ. ಡಿಫರೆನ್ಷಿಯಲ್ ಎರಡೂ ಕಡೆಗೆ ಸಮನಾದ ಬಲವನ್ನೇ ಕೊಡುತ್ತೆ. ಸೋಮಾರಿ ಎಷ್ಟು ತಡೆಯಬಲ್ಲನೋ ಅಷ್ಟೇ ಬಲ ದುಡಿಯುವವನಿಗೂ! ಬೀಚಿನಲ್ಲಿ ಹೂತ ಗಾಡಿಯ ಕಥೆ ಇಷ್ಟೇ. ಗಾಡಿಯಲ್ಲಿ ಶಕ್ತಿ ಇಲ್ಲದೆ ಹೂತಿದ್ದಲ್ಲ, ಶಕ್ತಿ ತಪ್ಪು ಚಕ್ರದ ಪಾಲಾಗಿ ಹೂತಿದ್ದು.

ಹಾಗಾದ್ರೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟರೆ? ಆ ಯೋಚನೆಯೂ ಹಳೇದೇ. 1903ರಲ್ಲೇ ನೆದರ್ಲೆಂಡ್ಸ್‌ನ ಸ್ಪೈಕರ್ ಸಹೋದರರು ನಾಲ್ಕು ಚಕ್ರಕ್ಕೂ ಎಂಜಿನ್ ಶಕ್ತಿ ಹೋಗುವ ಕಾರು ಮಾಡಿದ್ದರು. ಅದು ರೇಸಿನ ಗಾಡಿ, ಜನಸಾಮಾನ್ಯರಿಗೆ ತಲುಪಲಿಲ್ಲ. ಜಗತ್ತಿಗೆ ಫೋರ್ ವೀಲ್ ಡ್ರೈವ್ ಕಲಿಸಿದ್ದು ಯುದ್ಧ.

1940ರ ಜುಲೈ. ಹಿಟ್ಲರ್ ಫ್ರಾನ್ಸನ್ನು ನುಂಗಿಯಾಗಿತ್ತು. ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಪತ್ರ ಬರೆಯಿತು. ನಮಗೆ ಹಗುರವಾದ, ನಾಲ್ಕು ಚಕ್ರವೂ ದುಡಿಯುವ ಒಂದು ಗಾಡಿ ಬೇಕು, 49 ದಿನದಲ್ಲಿ ಮಾದರಿ ತಂದು ನಿಲ್ಲಿಸಿ ಅಂತ. 49 ದಿನ! ನಮ್ಮಲ್ಲಿ ಒಂದು ಟೆಂಡರ್ ಫೈಲು ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗೋಕೆ ಬೇಕಾಗುವ ಸಮಯ ಅದು. ದೊಡ್ಡ ದೊಡ್ಡವರು ಹಿಂದೆ ಸರಿದರು. ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಪಟ್ಟಣದಲ್ಲಿದ್ದ, ಮುಳುಗುವ ಹಂತದಲ್ಲಿದ್ದ ಅಮೆರಿಕನ್ ಬ್ಯಾಂಟಮ್ ಎಂಬ ಪುಟ್ಟ ಕಂಪನಿ ಒಪ್ಪಿತು. ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ನಕ್ಷೆ ಹಾಕಿದ. ಸೆಪ್ಟೆಂಬರ್ 23ರಂದು ಗಡುವಿನೊಳಗೇ ಗಾಡಿ ಸೈನ್ಯದ ಅಂಗಳದಲ್ಲಿ ನಿಂತಿತ್ತು. ಆದರೆ ದೊಡ್ಡ ಆರ್ಡರ್ ಸಿಕ್ಕಿದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯೋ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು. ದಾರಿ ಕಂಡುಹಿಡಿದ ಬ್ಯಾಂಟಮ್‌ಗೆ ಸಿಕ್ಕಿದ್ದು ಚೂರುಪಾರು. ಚರಿತ್ರೆ ಹಾಗೇ ಅಲ್ವಾ, ಬಿತ್ತಿದವನೊಬ್ಬ, ಉಂಡವನೊಬ್ಬ.

ಆ ಜೀಪಿನಲ್ಲಿ ಎಲೆಕ್ಟ್ರಾನಿಕ್ಸ್ ಏನಿತ್ತು? ಸೊನ್ನೆ. ಸುಮಾರು ಅರವತ್ತು ಅಶ್ವಶಕ್ತಿಯ ಎಂಜಿನ್ನು. ಮೂರು ಲಿವರ್. ಒಂದು ಗೇರಿಗೆ. ಇನ್ನೊಂದು ಮುಂದಿನ ಚಕ್ರಗಳನ್ನು ಜೋಡಿಸೋಕೆ. ಮೂರನೆಯದು ಹೈ ಮತ್ತು ಲೋ ಬದಲಿಸೋಕೆ. ಲೋ ಅಂದ್ರೆ ಗಾಡಿ ಆಮೆಯ ಹಾಗೆ ಹೋಗುತ್ತೆ, ಆದರೆ ಆನೆಯ ಹಾಗೆ ಎಳೆಯುತ್ತೆ. ಮಿಕ್ಕಿದ್ದೆಲ್ಲ ಓಡಿಸುವವನ ಕೈಕಾಲು, ಕಣ್ಣು, ಎದೆಗಾರಿಕೆ. ಇವತ್ತು ಕಂಪ್ಯೂಟರ್ ಮಾಡುವ ಲೆಕ್ಕವನ್ನೆಲ್ಲ ಆ ಕಾಲದ ಡ್ರೈವರ್ ಸೀಟಿನ ಕೆಳಗಿನ ಅದುರಾಟದಿಂದಲೇ ಮಾಡುತ್ತಿದ್ದ.

ಇದು ಭಾರತಕ್ಕೆ ಬಂದ ಕಥೆಯಲ್ಲಿ ದೇಶ ವಿಭಜನೆಯ ಕಥೆಯೂ ಇದೆ. 1945ರಲ್ಲಿ ಮುಂಬೈಯಲ್ಲಿ ಒಂದು ಕಂಪನಿ ಶುರುವಾಯಿತು. ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ಮಹೀಂದ್ರ ಸಹೋದರರ ಜೊತೆ ಪಾಲುದಾರರಾಗಿದ್ದವರು ಮಲಿಕ್ ಗುಲಾಮ್ ಮೊಹಮ್ಮದ್. ದೇಶ ಒಡೆಯಿತು, ಅವರು ಪಾಕಿಸ್ತಾನಕ್ಕೆ ಹೋದರು. ಅಲ್ಲಿನ ಮೊದಲ ಹಣಕಾಸು ಸಚಿವರಾದರು, ಆಮೇಲೆ ಗವರ್ನರ್ ಜನರಲ್ಲೂ ಆದರು. ಇಲ್ಲಿ 1948ರಲ್ಲಿ ಬೋರ್ಡಿನ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಉಕ್ಕು ಮಾರೋಕೆ ಹುಟ್ಟಿದ ಕಂಪನಿ ವಿಲ್ಲಿಸ್ ಜೀಪು ಜೋಡಿಸುವ ಕಂಪನಿಯಾಯಿತು. ಅದೇ ಹೊತ್ತಿಗೆ ಕಾಶ್ಮೀರದಲ್ಲಿ ಯುದ್ಧ, ಸೈನ್ಯಕ್ಕೆ ತುರ್ತಾಗಿ ಜೀಪು ಬೇಕು. ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ನಿಯಮ ಮೀರಿ ಒಪ್ಪಂದ ಮಾಡಿಕೊಂಡರು ಅಂತ ದೊಡ್ಡ ಗದ್ದಲವಾಯಿತು. ಕೊನೆಗೆ ಬಂದು ಇಳಿದಿದ್ದು 155 ಜೀಪು. ಸ್ವತಂತ್ರ ಭಾರತದ ಮೊದಲ ಹಗರಣ ಅಂತ ನಾವು ಪತ್ರಕರ್ತರು ಬರೆಯೋದು ಇದನ್ನೇ. ನೋಡಿ, ನಮ್ಮ ಹಗರಣಗಳ ಪಟ್ಟಿ ಶುರುವಾಗಿದ್ದೂ ಫೋರ್ ವೀಲ್ ಡ್ರೈವಿನಲ್ಲೇ!

ಆಮೇಲೆ ನಮ್ಮ ಹಳ್ಳಿಗಳಿಗೆ ಜೀಪು ಬಂತು. ಜೀಪು ಬಂತು ಅಂದ್ರೆ ಸರ್ಕಾರ ಬಂತು ಅಂತಲೇ ಅರ್ಥ. ತಹಶೀಲ್ದಾರರ ಜೀಪು, ಫಾರೆಸ್ಟಿನವರ ಜೀಪು, ಪೊಲೀಸ್ ಜೀಪು, ಎಲೆಕ್ಷನ್ ಜೀಪು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಂತೂ ಅದು ಮನೆಯ ಸದಸ್ಯ. ಈ ಜೀಪುಗಳ ಜೊತೆ ಒಂದು ವಿದ್ಯೆಯೂ ಬಂತು. ಘಟ್ಟದ ಡ್ರೈವರುಗಳು ಶಿಷ್ಯನಿಗೆ ಮೊದಲು ಹೇಳಿಕೊಡುತ್ತಿದ್ದ ಪಾಠ ಏನು? ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ. ನ್ಯೂಟ್ರಲ್ ಮಾಡಬೇಡ. ಇಳಿಜಾರಿನಲ್ಲಿ ಬ್ರೇಕಿನ ಮೇಲೇ ಕಾಲಿಟ್ಟು ಕೂತರೆ ಬ್ರೇಕು ಕಾದು ಕೈಕೊಡುತ್ತೆ. ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸಬೇಕು. ಈ ಮಾತನ್ನು ತಲೆಯಲ್ಲಿ ಇಟ್ಟುಕೊಳ್ಳಿ, ಮತ್ತೆ ಬರ್ತೀನಿ.

ಈಗ ಬ್ರೇಕಿನ ಕಥೆ. ಉರುಳುವ ಚಕ್ರ ಸ್ಟೀರಿಂಗಿನ ಮಾತು ಕೇಳುತ್ತೆ, ಜಾರುವ ಚಕ್ರ ಯಾರ ಮಾತನ್ನೂ ಕೇಳಲ್ಲ. ಗಾಬರಿಯಲ್ಲಿ ಬ್ರೇಕು ತುಳಿದಾಗ ಚಕ್ರ ಲಾಕ್ ಆದರೆ, ನೀವು ಸ್ಟೀರಿಂಗನ್ನು ಎಷ್ಟು ತಿರುಗಿಸಿದರೂ ಗಾಡಿ ನೇರವಾಗಿ ಹೋಗಿ ಮರಕ್ಕೆ ಗುದ್ದುತ್ತೆ. ಈ ಸಮಸ್ಯೆ ಮೊದಲು ಕಾಡಿದ್ದು ವಿಮಾನಗಳನ್ನು. ರನ್‌ವೇಯಲ್ಲಿ ಚಕ್ರ ಲಾಕ್ ಆದರೆ ಟೈರು ಸಿಡಿಯುತ್ತೆ. 1950ರ ದಶಕದಲ್ಲಿ ಬ್ರಿಟನ್ನಿನ ಡನ್‌ಲಪ್ ಕಂಪನಿ ಮ್ಯಾಕ್ಸರೆಟ್ ಎಂಬ ಯಂತ್ರ ಮಾಡಿತು. ಚಕ್ರ ಲಾಕ್ ಆಗುವ ಕ್ಷಣದಲ್ಲಿ ಅದು ತಾನೇ ಬ್ರೇಕನ್ನು ಸಡಿಲಿಸುತ್ತೆ, ಮತ್ತೆ ಹಿಡಿಯುತ್ತೆ.

ಇದನ್ನು ಫೋರ್ ವೀಲ್ ಡ್ರೈವಿನ ಜೊತೆ ರಸ್ತೆಗೆ ಇಳಿಸುವ ದಾರಿ ಮಾಡಿದವರು ಯಾರು ಗೊತ್ತಾ? ಮ್ಯಾಸ್ಸಿ ಫರ್ಗ್ಯುಸನ್ ಟ್ರಾಕ್ಟರ್ ನೋಡಿದ್ದೀರಲ್ಲ, ಅದೇ ಹ್ಯಾರಿ ಫರ್ಗ್ಯುಸನ್. ಉತ್ತರ ಐರ್ಲೆಂಡಿನ ರೈತನ ಮಗ. ಟ್ರಾಕ್ಟರಿಗೆ ನೇಗಿಲು ಜೋಡಿಸುವ ವಿಧಾನವನ್ನೇ ಬದಲಿಸಿದ ಮನುಷ್ಯ. ಕೊನೆಗಾಲದಲ್ಲಿ ಅವರಿಗೆ ಒಂದೇ ಹಟ. ಕಾರು ಜಾರಬಾರದು, ನಾಲ್ಕೂ ಚಕ್ರ ದುಡಿಯಬೇಕು, ಬ್ರೇಕು ಲಾಕ್ ಆಗಬಾರದು. ಅವರು 1960ರಲ್ಲಿ ತೀರಿಹೋದರು. ಅವರ ಸಂಸ್ಥೆಯ ಫೋರ್ ವೀಲ್ ಡ್ರೈವ್, ಡನ್‌ಲಪ್‌ನ ಮ್ಯಾಕ್ಸರೆಟ್ ಎರಡೂ ಸೇರಿದ ಜೆನ್ಸನ್ ಎಫ್‌ಎಫ್ ಎಂಬ ಕಾರು ಬಂದದ್ದು 1966ರಲ್ಲಿ. ಎರಡು ಎಫ್‌ನಲ್ಲಿ ಒಂದು ಫರ್ಗ್ಯುಸನ್ನರದ್ದು. ತಯಾರಾಗಿದ್ದು ಬರೀ 320 ಕಾರು. ಅಷ್ಟು ದುಬಾರಿ. ಆಮೇಲೆ ಜರ್ಮನಿಯ ಬಾಷ್ ಕಂಪನಿ ಎಲೆಕ್ಟ್ರಾನಿಕ್ ಎಬಿಎಸ್ ಮಾಡಿ 1978ರಲ್ಲಿ ಬೆಂಜ್ ಎಸ್ ಕ್ಲಾಸಿಗೆ ಹಾಕಿತು. 1989ರಲ್ಲಿ ಅದು ರೇಂಜ್ ರೋವರ್ ಮೂಲಕ ಕಾಡುದಾರಿಯ ಗಾಡಿಗೂ ಬಂತು.

ಇಲ್ಲಿಂದ ಕಥೆ ಸ್ವಾರಸ್ಯಕರವಾಗುತ್ತೆ. ಎಬಿಎಸ್ ಬಂದ ಮೇಲೆ ಗಾಡಿಗೆ ಎರಡು ಹೊಸ ಶಕ್ತಿ ಸಿಕ್ಕವು. ಒಂದು, ಯಾವ ಚಕ್ರ ಎಷ್ಟು ವೇಗದಲ್ಲಿ ತಿರುಗ್ತಿದೆ ಅಂತ ಪ್ರತಿ ಕ್ಷಣ ಗೊತ್ತಾಗುತ್ತೆ. ಎರಡು, ಒಂದೊಂದೇ ಚಕ್ರದ ಬ್ರೇಕನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವ ವಾಲ್ವುಗಳಿವೆ. ಇದರ ಜೊತೆ, ನೀವು ಪೆಡಲ್ ಮುಟ್ಟದೆಯೂ ಬ್ರೇಕಿಗೆ ಒತ್ತಡ ಕೊಡಬಲ್ಲ ಒಂದು ಪಂಪು ಸೇರಿಸಿದರೆ? ಎಂಜಿನಿಯರುಗಳ ತಲೆಯಲ್ಲಿ ಬಲ್ಬು ಹತ್ತಿಕೊಂಡಿತು. ಕೆಸರಿನಲ್ಲಿ ಗಿರಗಿರ ತಿರುಗುವ ಆ ಸೋಮಾರಿ ಚಕ್ರಕ್ಕೆ ಮಾತ್ರ ಬ್ರೇಕು ಹಾಕಿದರೆ? ಆಗ ಡಿಫರೆನ್ಷಿಯಲ್ ಮೋಸ ಹೋಗುತ್ತೆ. ಈ ಕಡೆಗೆ ತಡೆ ಸಿಕ್ಕಿತು ಅಂದುಕೊಂಡು ಗಟ್ಟಿ ನೆಲದ ಚಕ್ರಕ್ಕೂ ಬಲ ಕಳಿಸುತ್ತೆ. ಗಾಡಿ ಎದ್ದು ಬರುತ್ತೆ! ನಿಲ್ಲಿಸೋಕೆ ಇರುವ ಬ್ರೇಕನ್ನು ಮುಂದೆ ಹೋಗೋಕೆ ಬಳಸುವ ವಿದ್ಯೆ. ಇದೇ ಟ್ರಾಕ್ಷನ್ ಕಂಟ್ರೋಲ್. ಹೊಸ ಥಾರ್‌ನಲ್ಲಿ ಬ್ರೇಕ್ ಲಾಕಿಂಗ್ ಡಿಫರೆನ್ಷಿಯಲ್ ಅನ್ನೋದೂ, ಜಿಮ್ನಿಯಲ್ಲಿ ಇರೋದೂ ಇದೇ ಉಪಾಯ.

ಆದರೆ ಈ ಉಪಾಯ ನಮ್ಮ ರೈತನಿಗೆ ಹೊಸದಾ? ಖಂಡಿತಾ ಅಲ್ಲ. ಟ್ರಾಕ್ಟರಿನಲ್ಲಿ ಬ್ರೇಕ್ ಪೆಡಲ್ ಎರಡು ಇರ್ತವೆ. ಎಡಗಡೆಯ ಚಕ್ರಕ್ಕೊಂದು, ಬಲಗಡೆಯ ಚಕ್ರಕ್ಕೊಂದು. ಕೆಸರುಗದ್ದೆಯಲ್ಲಿ ಮಡಿ ತಿರುಗಿಸುವಾಗ ಬಲದ ಪೆಡಲ್ ಒಂದನ್ನೇ ಒತ್ತಿದರೆ ಟ್ರಾಕ್ಟರ್ ಬಲಕ್ಕೆ ಗಿರಕಿ ಹೊಡೆಯುತ್ತೆ. ಒಂದು ಚಕ್ರ ಸುಮ್ಮನೆ ತಿರುಗ್ತಿದ್ದರೆ ಆ ಕಡೆಯ ಬ್ರೇಕನ್ನು ಹದವಾಗಿ ಒತ್ತಿ ಇನ್ನೊಂದು ಚಕ್ರಕ್ಕೆ ಬಲ ಬರಿಸುತ್ತಾರೆ. ಕಾಲಿನಲ್ಲಿ ರೈತ ಮಾಡೋದನ್ನೇ ಕಂಪ್ಯೂಟರ್ ಮಾಡುತ್ತೆ, ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತೆ, ಅಷ್ಟೇ ವ್ಯತ್ಯಾಸ. ಹೂತ ಎಸ್‌ಯುವಿಯನ್ನು ಎಳೆಯೋಕೆ ಬಂದ ಟ್ರಾಕ್ಟರ್ ಡ್ರೈವರ್‌ಗೆ ನಿಮ್ಮ ಗಾಡಿಯ ತಂತ್ರ ನಿಮಗಿಂತ ಚೆನ್ನಾಗಿ ಗೊತ್ತು ಅಂದರೆ ಬೇಜಾರು ಮಾಡಿಕೊಳ್ಳಬೇಡಿ.

ಟ್ರಾಕ್ಟರಿನ ಈ ಒಂದು ಕಡೆಯ ಬ್ರೇಕನ್ನು ನೆನಪಿಟ್ಟುಕೊಂಡರೆ ಎಲ್ಲಕ್ಕಿಂತ ದೊಡ್ಡ ಆವಿಷ್ಕಾರ ಅರ್ಥವಾಗುತ್ತೆ. ಅದೇ ಇಎಸ್‌ಪಿ, ಕೆಲವರು ಇಎಸ್‌ಸಿ ಅಂತಾರೆ. ಸ್ಥಿರತೆ ಕಾಯುವ ವ್ಯವಸ್ಥೆ. 1989ರಲ್ಲಿ ಬೆಂಜ್ ಕಂಪನಿಯ ಫ್ರಾಂಕ್-ವೆರ್ನರ್ ಮೋನ್ ಎಂಬ ಎಂಜಿನಿಯರ್ ಸ್ವೀಡನ್ನಿನ ಹಿಮದ ರಸ್ತೆಯಲ್ಲಿ ಜಾರಿ ಹಳ್ಳಕ್ಕೆ ಬಿದ್ದರು. ಗಾಡಿ ಎತ್ತುವವರು ಬರೋವರೆಗೆ ಕೂತು ಯೋಚಿಸಿದರಂತೆ. ಗಾಡಿ ತನ್ನ ಅಕ್ಷದ ಮೇಲೆ ಗಿರಕಿ ಹೊಡೀತಿದೆ ಅಂತ ಗಾಡಿಗೇ ಗೊತ್ತಾದರೆ, ಒಂದು ಚಕ್ರದ ಬ್ರೇಕು ಹಿಡಿದು ಅದನ್ನು ದಾರಿಗೆ ತರಬಹುದಲ್ಲ? ಮೊದಲ ಪ್ರಯೋಗಕ್ಕೆ ಅವರ ತಂಡ ಬಳಸಿದ್ದು ಆಟಿಕೆ ಹೆಲಿಕಾಪ್ಟರಿನ ಗೈರೋಸ್ಕೋಪು! 1995ರಲ್ಲಿ ಬೆಂಜ್ ಮತ್ತು ಬಾಷ್ ಸೇರಿ ಅದನ್ನು ಎಸ್ ಕ್ಲಾಸಿಗೆ ತಂದವು. ನೀವು ಸ್ಟೀರಿಂಗನ್ನು ಯಾವ ಕಡೆ ತಿರುಗಿಸಿದ್ದೀರಿ, ಗಾಡಿ ನಿಜಕ್ಕೂ ಯಾವ ಕಡೆ ಹೋಗ್ತಿದೆ, ಇವೆರಡನ್ನೂ ಸೆಕೆಂಡಿಗೆ 25 ಸಲ ಹೋಲಿಸಿ ನೋಡುತ್ತೆ. ತಾಳೆಯಾಗದಿದ್ದರೆ ಎಂಜಿನ್ ಶಕ್ತಿ ತಗ್ಗಿಸುತ್ತೆ, ಬೇಕಾದ ಒಂದೇ ಚಕ್ರಕ್ಕೆ ಬ್ರೇಕು ಹಾಕುತ್ತೆ.

ಕೋಟಿ ಬೆಲೆಯ ಕಾರಿನ ಈ ಸವಲತ್ತು ಸಣ್ಣ ಕಾರಿಗೆ ಹೇಗೆ ಬಂತು? ಮರ್ಯಾದೆ ಹೋದ ಮೇಲೆ ಬಂತು! 1997ರ ಅಕ್ಟೋಬರ್. ಬೆಂಜ್‌ನ ಹೊಸ ಪುಟ್ಟ ಎತ್ತರದ ಕಾರು, ಎ ಕ್ಲಾಸ್. ಸ್ವೀಡನ್ನಿನ ಒಂದು ಆಟೋಮೊಬೈಲ್ ಪತ್ರಿಕೆಯವರು ಅದನ್ನು ಮೂಸ್ ಟೆಸ್ಟಿಗೆ ಒಡ್ಡಿದರು. ಮೂಸ್ ಅಂದ್ರೆ ಅಲ್ಲಿನ ದೈತ್ಯ ಸಾರಂಗ. ಅದು ದಿಢೀರ್ ಅಡ್ಡ ಬಂದರೆ ನೀವು ಸ್ಟೀರಿಂಗ್ ಹೇಗೆ ಎಳೆದು ಮತ್ತೆ ದಾರಿಗೆ ಬರ್ತೀರಿ ಅನ್ನೋ ಪರೀಕ್ಷೆ. ನಮ್ಮ ರಸ್ತೆಗಳಿಗೆ ಬೇಕಿರೋದು ಎಮ್ಮೆ ಟೆಸ್ಟ್, ಅದು ಬೇರೆ ಮಾತು. ಕಾರು ಪಲ್ಟಿ ಹೊಡೆಯಿತು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಫೋಟೋ. ಕಂಪನಿ ಮೊದಲು ಸಮಜಾಯಿಷಿ ಕೊಟ್ಟಿತು, ಆಮೇಲೆ ಡೆಲಿವರಿ ನಿಲ್ಲಿಸಿತು, ಕೊನೆಗೆ ಆ ಸಣ್ಣ ಕಾರಿಗೆಲ್ಲ ಇಎಸ್‌ಪಿ ಹಾಕಿ ಕೊಟ್ಟಿತು. ಪತ್ರಕರ್ತನೊಬ್ಬ ತನ್ನ ಕೆಲಸವನ್ನು ಸರಿಯಾಗಿ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ನಾನು ನಮ್ಮ ಹುಡುಗರಿಗೆ ಕೊಡುವ ಉದಾಹರಣೆ ಇದು.

ಎತ್ತರದ ಗಾಡಿಗಳಿಗೆ ಈ ವ್ಯವಸ್ಥೆ ಇನ್ನೂ ಮುಖ್ಯ. ಯಾಕೆ? ಹುಲ್ಲು ಹೇರಿದ ಚಕ್ಕಡಿ ನೋಡಿ. ತಿರುವಿನಲ್ಲಿ ಅದು ವಾಲುವ ಹಾಗೆ ಖಾಲಿ ಚಕ್ಕಡಿ ವಾಲುತ್ತಾ? ಬಂಡೆ, ಗುಂಡಿ ದಾಟೋಕೆ ಗಾಡಿ ನೆಲದಿಂದ ಎತ್ತರ ಇರಬೇಕು. ಎತ್ತರ ಇದ್ದಷ್ಟೂ ಟಾರು ರಸ್ತೆಯಲ್ಲಿ ಪಲ್ಟಿಯ ಅಪಾಯ. ಕಾಡಿನಲ್ಲಿ ವರ, ಹೆದ್ದಾರಿಯಲ್ಲಿ ಶಾಪ. 1988ರಲ್ಲಿ ಅಮೆರಿಕದ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್, ಸುಜುಕಿ ಸಮುರಾಯ್ ಜೀಪು ಪಲ್ಟಿಯಾಗುವ ಅಪಾಯವಿದೆ, ಇದು ಸ್ವೀಕಾರಾರ್ಹವಲ್ಲ ಅಂತ ಬರೆಯಿತು. ಸುಜುಕಿ ಒಪ್ಪಲಿಲ್ಲ, ಕೋರ್ಟಿಗೆ ಹೋಯಿತು, 2004ರಲ್ಲಿ ರಾಜಿಯಾಯಿತು. ಯಾವುದು ಆ ಸಮುರಾಯ್? 1985ರಿಂದ ನಮ್ಮಲ್ಲಿ ಪೊಲೀಸರು, ಸೈನಿಕರು, ರ‍್ಯಾಲಿ ಹುಡುಗರು ಓಡಿಸಿದ ಮಾರುತಿ ಜಿಪ್ಸಿಯ ಒಡಹುಟ್ಟು. ಅಲ್ಲಿ ಹದಿನಾರು ವರ್ಷ ಜಗಳ ನಡೆದಾಗ ಇಲ್ಲಿ ಈ ಚರ್ಚೆಯ ಸದ್ದೇ ಇರಲಿಲ್ಲ.

ಅಮೆರಿಕ ಸರ್ಕಾರ ಲೆಕ್ಕ ಹಾಕಿತು. ಇಎಸ್‌ಸಿ ಇದ್ದರೆ ಎಸ್‌ಯುವಿಗಳು ತಾವಾಗಿಯೇ ದಾರಿ ತಪ್ಪಿ ಆಗುವ ಅಪಘಾತಗಳು ಶೇಕಡಾ 59ರಷ್ಟು ಕಡಿಮೆಯಾಗಬಹುದು ಅಂತ ಅಂದಾಜು. 2007ರಲ್ಲಿ ನಿಯಮ ಮಾಡಿದರು. 2012ರ ಮಾಡೆಲ್ಲಿನಿಂದ ಅಲ್ಲಿ ಎಲ್ಲ ಹೊಸ ಕಾರಿಗೂ ಕಡ್ಡಾಯ. ಯುರೋಪಿನಲ್ಲಿ 2014ರ ಹೊತ್ತಿಗೆ ಕಡ್ಡಾಯ. ನಮ್ಮಲ್ಲಿ? ಎಬಿಎಸ್ ಕಾರುಗಳಿಗೆ ಕಡ್ಡಾಯವಾಗಿದ್ದೇ 2019ರ ಏಪ್ರಿಲ್ಲಿನಲ್ಲಿ. 1978ಕ್ಕೂ 2019ಕ್ಕೂ ನಡುವೆ ಎಷ್ಟು ವರ್ಷ? ನಲವತ್ತೊಂದು! ಜರ್ಮನಿಯ ಸಾಹುಕಾರನ ಜೀವಕ್ಕೆ 1978ರಲ್ಲಿ ಸಿಕ್ಕ ರಕ್ಷಣೆ ನಮ್ಮ ಮಧ್ಯಮ ವರ್ಗದವನಿಗೆ ಸಿಗೋಕೆ ಎರಡು ತಲೆಮಾರು ಬೇಕಾಯಿತು. ಇದೇ ಬಾಷ್‌ನ ಭಾರತೀಯ ಸಂಸ್ಥೆ 1951ರಿಂದ ಮೈಕೋ ಅನ್ನೋ ಹೆಸರಲ್ಲಿ ನಮ್ಮ ಬೆಂಗಳೂರಿನ ಆಡುಗೋಡಿಯಲ್ಲೇ ಇತ್ತು. ಬೆಂಜ್‌ನ ಸಂಶೋಧನಾ ಕೇಂದ್ರ 1996ರಿಂದ ಬೆಂಗಳೂರಿನಲ್ಲೇ ಇದೆ. ಜಗತ್ತಿನ ಗಾಡಿಗಳಿಗೆ ಕೋಡ್ ಬರೆಯೋ ಹುಡುಗರು ನಮ್ಮ ಪಕ್ಕದ ಮನೆಯವರು. ದೀಪದ ಬುಡದಲ್ಲಿ ಮಾತ್ರ ಕತ್ತಲೆ. 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್‌ನಲ್ಲಿ ಹೆಚ್ಚಿನ ಸ್ಟಾರ್ ಬೇಕಾದರೆ ಇಎಸ್‌ಸಿ ಇರಲೇಬೇಕು. ಒಳ್ಳೇದು. ತಡವಾಗಿಯಾದರೂ ಬಂತು.

ಇನ್ನು ಹಿಲ್ ಡಿಸೆಂಟ್ ಕಂಟ್ರೋಲ್. 1997ರಲ್ಲಿ ಲ್ಯಾಂಡ್ ರೋವರ್ ಫ್ರೀಲ್ಯಾಂಡರ್ ಎಂಬ ಸಣ್ಣ ಗಾಡಿ ತಂದಿತು. ಅದರಲ್ಲಿ ಲೋ ರೇಂಜ್ ಗೇರು ಇರಲಿಲ್ಲ. ಹಾಗಾದ್ರೆ ಕಡಿದಾದ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿಯೋರು ಯಾರು? ಎಬಿಎಸ್‌ನ ಪಂಪಿಗೇ ಆ ಕೆಲಸ ಕೊಟ್ಟರು. ಬಟನ್ ಒತ್ತಿ, ಕಾಲು ತೆಗೆದು ಕೂತರೆ ಸಾಕು. ಗಾಡಿಯೇ ಒಂದೊಂದು ಚಕ್ರದ ಬ್ರೇಕು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮೆಲ್ಲಗೆ ಇಳಿಯುತ್ತೆ. ಆಗಲೇ ಹೇಳಿದೆನಲ್ಲ, ಘಟ್ಟದ ಡ್ರೈವರಿನ ಮೊದಲ ಪಾಠ? ಆ ಪಾಠವನ್ನು ಕಂಪ್ಯೂಟರಿಗೆ ಕಲಿಸಿದ ಹಾಗಾಯಿತು. 2020ರ ಥಾರ್‌ನ ಮೇಲಿನ ವೇರಿಯಂಟುಗಳಿಗೆ ಇಎಸ್‌ಪಿಯೂ ಬಂತು, ಇದೂ ಬಂತು. 1940ರ ಮೂರು ಲಿವರಿನ ಜೀಪಿನಿಂದ ಇಲ್ಲಿಗೆ ಎಂಬತ್ತು ವರ್ಷ.

ಚರಿತ್ರೆ ಆಯಿತು. ಈಗ ಅದರಿಂದ ಕಲಿಯೋದೇನು? ಬಿಡಿಸಿ ಹೇಳ್ತೀನಿ.

ಥಾರ್, ಜಿಮ್ನಿ, ಜಿಪ್ಸಿಯಂಥ ಗಾಡಿಗಳ 4ಎಚ್, 4ಎಲ್ ಒಣ ಟಾರು ರಸ್ತೆಗಲ್ಲ. ಅವುಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳು ಬಿಗಿಯಾಗಿ ಜೋಡಿಯಾಗುತ್ತವೆ. ಹಂತಿಯ ಒಳಗಿನ ಎತ್ತನ್ನೂ ಹೊರಗಿನ ಎತ್ತನ್ನೂ ಒಂದೇ ಹೆಜ್ಜೆ ಹಾಕು ಅಂದ ಹಾಗೆ. ಏನೋ ಒಂದು ಮುರಿಯುತ್ತೆ. ಡಿಫರೆನ್ಷಿಯಲ್ ಲಾಕ್ ಕೂಡಾ ಸಡಿಲ ನೆಲಕ್ಕೆ, ಆದಷ್ಟು ನೇರ ದಾರಿಗೆ. ದಾಟಿದ ಕೂಡಲೇ ತೆಗೆಯಿರಿ.

ಮರಳು ಮತ್ತು ಆಳದ ಕೆಸರಿನಲ್ಲಿ ಮುಂದೆ ಹೋಗೋಕೆ ಚಕ್ರ ಸ್ವಲ್ಪ ತಿರುಗಲೇಬೇಕು. ಇಎಸ್‌ಪಿ ಅದನ್ನು ಜಾರುವಿಕೆ ಅಂದುಕೊಂಡು ಎಂಜಿನ್ ಶಕ್ತಿ ಕತ್ತರಿಸುತ್ತೆ. ಗಾಡಿ ನಡುಮರಳಲ್ಲಿ ಉಸಿರು ಕಟ್ಟಿ ನಿಲ್ಲುತ್ತೆ. ನಾವು ತೋರಿಸುವ ವಿಡಿಯೋಗಳಲ್ಲಿ ಎಷ್ಟೋ ಗಾಡಿಗಳ ಕಥೆ ಇದೇ ಇರಬಹುದು. ಆ ಆಫ್ ಬಟನ್ ಇರೋದು ಅದಕ್ಕೆ. ಆದರೆ ಟಾರು ರಸ್ತೆಗೆ ಬಂದ ಮರುಕ್ಷಣ ಆನ್ ಮಾಡಿ. ಸ್ಟೈಲಿಗೆ ಅಂತ ಹೆದ್ದಾರಿಯಲ್ಲಿ ಇಎಸ್‌ಪಿ ಆಫ್ ಮಾಡಿ ಓಡಿಸೋ ಹುಡುಗರಿಗೆ ಹೇಳ್ತಿದ್ದೀನಿ: ಆ ಬಟನ್ನಿನ ಹಿಂದಿರುವ ಪಲ್ಟಿ ನಿಮ್ಮದಾಗೋದು ಬೇಡ.

ಎಬಿಎಸ್ ಇರುವ ಗಾಡಿಯಲ್ಲಿ ಅಪಾಯ ಬಂದಾಗ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಅದು ಕಾಲಿನ ಕೆಳಗೆ ಗಡಗಡ ಅದುರುತ್ತೆ. ಕೆಟ್ಟುಹೋಯಿತು ಅಂತ ಕಾಲು ಎತ್ತಬೇಡಿ, ಅದು ಕೆಲಸ ಮಾಡ್ತಿದೆ ಅಂತ ಅರ್ಥ. ಸ್ಟೀರಿಂಗ್ ತಿರುಗಿಸಿ ತಪ್ಪಿಸಿಕೊಳ್ಳಿ. ಆದರೆ ಸಡಿಲ ಜಲ್ಲಿ, ಮರಳಿನ ಮೇಲೆ ಎಬಿಎಸ್ ಗಾಡಿ ನಿಲ್ಲೋಕೆ ಹೆಚ್ಚು ದೂರ ಬೇಕು. ಲಾಕ್ ಆದ ಚಕ್ರ ಅಲ್ಲಿ ಮುಂದೆ ಜಲ್ಲಿಯ ರಾಶಿ ಕಟ್ಟಿಕೊಂಡು ನಿಲ್ಲುತ್ತಿತ್ತು, ಉರುಳುವ ಚಕ್ರಕ್ಕೆ ಆ ಅನುಕೂಲ ಇಲ್ಲ. ಹಾಗಾಗಿ ಅಂಥ ದಾರಿಯಲ್ಲಿ ಮೊದಲೇ ನಿಧಾನ ಮಾಡಿ.

ಹಿಲ್ ಡಿಸೆಂಟ್ ಕಂಟ್ರೋಲ್ ಕಡಿದಾದ, ಚಿಕ್ಕ ಕಚ್ಚಾ ಇಳಿಜಾರಿಗೆ. ಚಾರ್ಮಾಡಿ, ಆಗುಂಬೆಯ ಉದ್ದ ಘಟ್ಟಕ್ಕೆ ಹಳೇ ಪಾಠವೇ ಸರಿ. ಚಿಕ್ಕ ಗೇರು, ಎಂಜಿನ್ನಿನ ಹಿಡಿತ. ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡುವವರು ಉಳಿಸೋದು ಹತ್ತು ರೂಪಾಯಿ, ಪಣಕ್ಕಿಡೋದು ಗಾಡಿ ತುಂಬ ಜೀವ.

ಕೊನೆಯದಾಗಿ ಒಂದು ಮಾತು. ಈ ಯಾವ ಯಂತ್ರವೂ ಹಿಡಿತವನ್ನು ಹುಟ್ಟಿಸಲ್ಲ. ಇರುವ ಹಿಡಿತವನ್ನು ಜಾಣತನದಿಂದ ಹಂಚುತ್ತೆ, ಅಷ್ಟೇ. ಟೈರು ಸವೆದಿದ್ದರೆ, ಹಳ್ಳದ ನೀರು ಗಾಡಿಯನ್ನೇ ತೇಲಿಸಿದರೆ, ಸೆಕೆಂಡಿಗೆ 25 ಸಲ ಲೆಕ್ಕ ಹಾಕುವ ಕಂಪ್ಯೂಟರಿಗೂ ಉತ್ತರ ಸೊನ್ನೆಯೇ.

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನೋ ಗಾದೆ ಇದೆಯಲ್ಲ, ನಮ್ಮ ಗುಡ್ಡದ ದಾರಿಗಳಲ್ಲಿ ಈಗ ನಡೀತಿರೋದು ಅದೇ. ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪು ಡ್ರೈವರುಗಳನ್ನು ನೋಡಿ. ಕೈಯಲ್ಲಿ ಅದ್ಭುತ ವಿದ್ಯೆ. ಬಹುತೇಕ ಹಳೇ ಜೀಪು. ಎಬಿಎಸ್ ಇಲ್ಲ, ಇಎಸ್‌ಪಿ ಇಲ್ಲ. ಇನ್ನೊಂದು ಕಡೆ ವೀಕೆಂಡಿಗೆ ಬೆಂಗಳೂರಿನಿಂದ ಬರುವ ಹೊಸ ಗಾಡಿಗಳು. ಎಲ್ಲ ಬಟನ್ನೂ ಇದೆ, ಕೈಯಲ್ಲಿ ವಿದ್ಯೆ ಇಲ್ಲ. ಸರ್ಕಾರಕ್ಕೆ ನನ್ನ ಪ್ರಶ್ನೆ ಎರಡೇ. ದುಡ್ಡು ಕೊಟ್ಟು ಹತ್ತುವ ಜನರ ಜೀವ ಹೊತ್ತ ಆ ಜೀಪುಗಳಿಗೆ ಬದಲಾಗಿ ಸುರಕ್ಷಿತ ಗಾಡಿ ಕೊಳ್ಳೋಕೆ ಆ ಡ್ರೈವರುಗಳಿಗೆ ಸಾಲ, ಸಬ್ಸಿಡಿ ಯಾಕೆ ಕೊಡಬಾರದು? ಫೋರ್ ವೀಲ್ ಡ್ರೈವ್ ಗಾಡಿ ಮಾರುವವರು ಕೊಂಡವನಿಗೆ ಒಂದು ದಿನದ ತರಬೇತಿ ಕೊಡಲೇಬೇಕು ಅಂತ ಯಾಕೆ ನಿಯಮ ಮಾಡಬಾರದು? ಆ ತರಬೇತಿ ಕೊಡೋಕೆ ವಿದೇಶದಿಂದ ಯಾರೂ ಬರಬೇಕಾಗಿಲ್ಲ. ಘಟ್ಟದ ಆ ಡ್ರೈವರುಗಳನ್ನೇ ಮೇಷ್ಟ್ರು ಮಾಡಿ. ಸಂಬಳ ಕೊಡಿ, ಗೌರವ ಕೊಡಿ.

ನಿಮ್ಮ ಗಾಡಿಯಲ್ಲಿ ಈ ಬಟನ್‌ಗಳಿದ್ದರೆ ಮುಂದಿನ ಭಾನುವಾರ ಒಂದು ಖಾಲಿ ಮೈದಾನಕ್ಕೆ ಹೋಗಿ, ಒಂದೊಂದನ್ನೇ ಒತ್ತಿ ನೋಡಿ. ಅದಕ್ಕೆ ಬೆಲೆ ತೆತ್ತವರು ಯಾರೋ ಆಗಲೇ ತೆತ್ತಿದ್ದಾರೆ. ನೀವು ಎರಡನೇ ಸಲ ತೆರಬೇಕಾಗಿಲ್ಲ.